ಚೆಂಡೆಯ ಪೆಟ್ಟು ಒಂದು ಕಡೆ, ಕೈ ಒಂದು ಕಡೆ: ಯಕ್ಷಗಾನದ ವಿಡಿಯೋ ಸರಿಮಾಡುವುದು ಹೇಗೆ? ಹೊಸ ಕ್ಯಾಮೆರಾ ಯಾವುದು?

ಡೊಂಬಿವಲಿ_ರಂಗಸ್ಥಳ

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ಸಂಘದವರು ಮುಂಬೈಯ ಮಾಟುಂಗದಲ್ಲಿ ಮೂರು ಗಂಟೆಯ ಆಟ ಆಡಿದರು. ವಿಡಿಯೋ ಜವಾಬ್ದಾರಿ ನನ್ನದು. ಹಾಲ್ ಮಧ್ಯೆ ಟ್ರೈಪಾಡ್ ಮೇಲೆ ನನ್ನ ಹಳೇ ಹ್ಯಾಂಡಿಕ್ಯಾಮ್, ಹಿಮ್ಮೇಳದ ಪಕ್ಕದಲ್ಲಿ ಒಂದು ಫೋನ್ 4ಕೆಯಲ್ಲಿ, ಸೌಂಡ್‌ಗೆ ಮಿಕ್ಸರಿನಿಂದ ವೈರ್ ಎಳೆದು ಬೇರೆ ರೆಕಾರ್ಡರ್.

ಫೋನ್ ವಿಡಿಯೋಗೆ ರೆಕಾರ್ಡರ್ ಸೌಂಡ್ ಕೂಡಿಸಿದರೆ ಮೊದಲ ಐದು ನಿಮಿಷ ಸರಿಯಾಗಿದೆ. ಆಮೇಲೆ ಸ್ವಲ್ಪಸ್ವಲ್ಪವೇ ಜಾರುತ್ತದೆ. ಒಂದು ಗಂಟೆ ಆಗುವಷ್ಟರಲ್ಲಿ ಕೋಲು ಚೆಂಡೆಗೆ ತಾಗಿ ಮೇಲೆದ್ದ ಮೇಲೆ ಪೆಟ್ಟು ಕೇಳಿಸುತ್ತದೆ. ಕತ್ತರಿಸಿ ಹಿಂದೆ ಮುಂದೆ ತಳ್ಳಿ ಮೂರು ರಾತ್ರಿ ಕಳೆದೆ, ಆಗಲಿಲ್ಲ. ಹ್ಯಾಂಡಿಕ್ಯಾಮಿನ ಎಂಟಿಎಸ್ (ಅದರ ವಿಡಿಯೋ) ಫೈಲುಗಳು 2 ಜಿಬಿಗೊಂದು ತುಂಡಾಗಿವೆ, ಒಂದಕ್ಕೊಂದು ಕೂಡುವಲ್ಲಿ ಪದದ ಒಂದು ಅಕ್ಷರವೇ ಹೋಗಿರುತ್ತದೆ. ಲ್ಯಾಪ್‌ಟಾಪ್ 8 ಜಿಬಿ ರ‍್ಯಾಮ್, ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಪ್ಲೇ ಒತ್ತಿದರೆ ತಡವರಿಸುತ್ತದೆ. ಫೋನಿನ ಚಿತ್ರದಲ್ಲಿ ಲೈಟು ಮಿಣಮಿಣ ಅನ್ನುತ್ತದೆ.

ಅವತ್ತು ಪದ ಹೇಳಿದ ಭಾಗವತರಿಗೆ 70 ದಾಟಿದೆ. ಈ ವಿಡಿಯೋ ನಾನು ಹಾಳುಮಾಡಬಾರದು. ಮುಂದಿನ ಆಟಕ್ಕೆ ಸಂಘದಿಂದ ಕ್ಯಾಮೆರಾ ತೆಗೆದುಕೊಳ್ಳೋಣ ಅಂತ ಮಾತಿದೆ. ಮಿರರ್‌ಲೆಸ್ (ಲೆನ್ಸ್ ಬದಲಿಸುವ ಫೋಟೋ ಕ್ಯಾಮೆರಾ) ಒಳ್ಳೆಯದಾ, ಕ್ಯಾಮ್‌ಕಾರ್ಡರ್ (ವಿಡಿಯೋಗೆಂದೇ ಇರುವ ಕ್ಯಾಮೆರಾ) ಒಳ್ಳೆಯದಾ?

ಠಾಣೆಯ ಎಡಿಟರ್

ಗಾಬರಿ ಬೇಡ ಮಾರಾಯ್ರೆ, ಫೈಲು ಇದೆ ಅಂದರೆ ಆಟ ಇದೆ. ಮೊದಲು ಎಲ್ಲ ಒರಿಜಿನಲ್ಲುಗಳನ್ನು ಇನ್ನೊಂದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ಮುಂದಿನ ಮಾತು.

ಮೀಡಿಯಾಇನ್ಫೊ ಅಂತ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ಫೋನ್ ಫೈಲು ತೆರೆದು ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) ಮೋಡ್ ಏನಿದೆ ನೋಡಿ. ವೇರಿಯಬಲ್, ಅಂದರೆ ಬದಲಾಗುವಂಥದ್ದು, ಅಂತ ಇರುತ್ತದೆ ಅಂತ ನನ್ನ ಅಂದಾಜು. ಬೆಳಕು ಕಡಿಮೆಯಾದಾಗ ಫೋನು ತಾನೇ ಫ್ರೇಮ್ ಕಡಿಮೆ ಮಾಡುತ್ತದೆ, ಬಿಸಿಯಾದರೂ ಹಾಗೇ. ಸೆಕೆಂಡಿಗೆ ಒಮ್ಮೆ 30, ಒಮ್ಮೆ 29, ಒಮ್ಮೆ ಇನ್ನೂ ಕಡಿಮೆ. ಎಡಿಟಿಂಗ್ ಸಾಫ್ಟ್‌ವೇರ್ ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಓದುತ್ತದೆ, ಅಲ್ಲೇ ಜಾರುವುದು. ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ಬದಲಿಸುವ ಸಾಫ್ಟ್‌ವೇರ್‌ನಲ್ಲಿ ಹಾಕಿ, ಫ್ರೇಮ್ ರೇಟ್ 30, ಕಾನ್‌ಸ್ಟಂಟ್ (ಬದಲಾಗದ್ದು) ಅಂತ ಆರಿಸಿ ಹೊಸ ಫೈಲು ಮಾಡಿಕೊಳ್ಳಿ. ರಾತ್ರಿ ಹಾಕಿ ಮಲಗಿ, ಬೆಳಿಗ್ಗೆ ಆಗಿರುತ್ತದೆ.

ಇಷ್ಟಾದರೂ ಗಂಟೆಗೆ ಎರಡು ಮೂರು ಫ್ರೇಮ್ ವ್ಯತ್ಯಾಸ ಉಳಿಯಬಹುದು, ಯಾಕೆಂದರೆ ಫೋನಿನ ಗಡಿಯಾರ ಬೇರೆ, ರೆಕಾರ್ಡರಿನ ಗಡಿಯಾರ ಬೇರೆ. ಅದಕ್ಕೆ ಸೌಂಡ್ ಮುಟ್ಟಬೇಡಿ, ಅದು ಒಂದೇ ಉದ್ದ ಇರಲಿ. ಪದ ಮುಗಿದು ಅರ್ಥ (ವೇಷಧಾರಿಗಳ ಮಾತು) ಶುರುವಾಗುವ ಜಾಗದಲ್ಲಿ ವಿಡಿಯೋ ಮಾತ್ರ ಕತ್ತರಿಸಿ ಒಂದು ಫ್ರೇಮ್ ಸರಿಸಿ. ಹೊಂದಿಸುವಾಗ ಚೆಂಡೆಯ ಒಂಟಿ ಪೆಟ್ಟು ಹುಡುಕಿ. ಅಲೆಯ ಚಿತ್ರದಲ್ಲಿ ಅದು ಮೊಳೆ ಹೊಡೆದ ಹಾಗೆ ನೆಟ್ಟಗೆ ನಿಂತಿರುತ್ತದೆ, ಕೋಲು ಚರ್ಮಕ್ಕೆ ತಾಗಿದ ಫ್ರೇಮ್ ಅದರ ಮೇಲೆ ಕೂರಿಸಿ. ಸಿನಿಮಾದವರ ಕ್ಲ್ಯಾಪ್ ಬೋರ್ಡಿಗಿಂತ ಇದೇ ಚೆಂದ.

ತಡವರಿಸುವುದಕ್ಕೆ ಕಾರಣ 4ಕೆ ಎಚ್‌265, ಅಂದರೆ ತುಂಬಾ ಒತ್ತಿ ಚಿಕ್ಕದು ಮಾಡಿದ ವಿಡಿಯೋ. ರಿಸಾಲ್ವ್‌ನ ಮೀಡಿಯಾ ಪೂಲ್‌ನಲ್ಲಿ ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಪ್ರಾಕ್ಸಿ ಮಾಡುವ ಆಯ್ಕೆ ಇದೆ. ಚಿಕ್ಕ ಫೈಲಿನಲ್ಲಿ ಕೆಲಸ ಮಾಡಿ, ಕೊನೆಯಲ್ಲಿ ಒರಿಜಿನಲ್‌ನಿಂದ ಎಕ್ಸ್‌ಪೋರ್ಟ್ ಮಾಡಿ.

ಪುಣೆ ಮದುವೆ ಶೂಟರ್

ಎಂಟಿಎಸ್ ವಿಷಯ ನಾನು ಹೇಳುತ್ತೇನೆ, 12 ವರ್ಷ ಇದೇ ಫೈಲುಗಳ ಜೊತೆ ಒದ್ದಾಡಿದ್ದೇನೆ. ಕಾರ್ಡಿನಿಂದ ತುಂಡುಗಳನ್ನು ಮಾತ್ರ ಎಳೆದುಕೊಂಡಿರಿ ಅಲ್ವಾ? ಇಡೀ ಫೋಲ್ಡರ್ ಹಾಗೇ ತರಬೇಕು, ಯಾವ ತುಂಡು ಯಾವುದರ ಮುಂದುವರಿಕೆ ಅನ್ನುವ ಮಾಹಿತಿ ಪಕ್ಕದ ಫೈಲುಗಳಲ್ಲಿ ಇರುತ್ತದೆ. ಈಗ ಅದು ಇಲ್ಲದಿದ್ದರೂ ಅಕ್ಷರ ಹೋಗಿಲ್ಲ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಕಾಪಿ ಕಮಾಂಡಿಗೆ ಸ್ಲ್ಯಾಶ್ ಬಿ (copy /b) ಹಾಕಿ, ತುಂಡುಗಳ ಹೆಸರನ್ನು ಕ್ರಮವಾಗಿ ಪ್ಲಸ್ ಚಿಹ್ನೆಯಿಂದ ಸೇರಿಸಿ. ಒಂದೇ ಫೈಲಾಗುತ್ತದೆ, ನುಂಗಿದ ಅಕ್ಷರ ವಾಪಸ್ ಬರುತ್ತದೆ.

ಇನ್ನು ಕ್ಯಾಮೆರಾ. ಆಟಕ್ಕೆ ಕ್ಯಾಮ್‌ಕಾರ್ಡರೇ ತೆಗೆದುಕೊಳ್ಳಿ, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಹಳೆಯ ಸ್ಟಿಲ್ ಕ್ಯಾಮೆರಾ ಮತ್ತು ಮಿರರ್‌ಲೆಸ್ ತುಂಬಾ ಮಾಡೆಲ್‌ಗಳು 29 ನಿಮಿಷ 59 ಸೆಕೆಂಡಿಗೆ ರೆಕಾರ್ಡಿಂಗ್ ನಿಲ್ಲಿಸುತ್ತವೆ. ಅರ್ಧ ಗಂಟೆ ಮೀರಿ ರೆಕಾರ್ಡ್ ಮಾಡುವುದನ್ನು ಯುರೋಪಿನಲ್ಲಿ ವಿಡಿಯೋ ಕ್ಯಾಮೆರಾ ಅಂತ ಲೆಕ್ಕ ಹಾಕಿ ಜಾಸ್ತಿ ಸುಂಕ ಹಾಕುತ್ತಿದ್ದರು, ಅದರಿಂದ ಬಂದ ಮಿತಿ. ಹೊಸದರಲ್ಲಿ ಮಿತಿ ಇಲ್ಲದವು ಇವೆ, ಆದರೆ ಮೂರು ಗಂಟೆ ಓಡಿಸಿದರೆ ಬಿಸಿಯಾಗುವ ಭಯ ಇದ್ದೇ ಇದೆ. ವೇಷ ರಂಗಸ್ಥಳಕ್ಕೆ ಬರುವಾಗ ಕ್ಯಾಮೆರಾ ಆಫ್ ಆದರೆ ಯಾರಿಗೆ ಹೇಳುವುದು?

ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ ಅಂದರೆ ಕ್ಯಾನನ್ ಎಕ್ಸ್‌ಎ11 ನೋಡಿ. ಫುಲ್ ಎಚ್‌ಡಿ ಮಾತ್ರ, ಆದರೆ 20 ಪಟ್ಟು ಝೂಮ್, ಮಿಕ್ಸರಿನ ವೈರ್ ನೇರ ಚುಚ್ಚಲು ಎರಡು ಎಕ್ಸ್‌ಎಲ್‌ಆರ್ (ಮೈಕ್ ವೈರಿನ ಸಾಕೆಟ್), ಎರಡು ಕಾರ್ಡ್. 4ಕೆ ಬೇಕೇ ಬೇಕು ಅಂದರೆ ಸೋನಿ ಎಎಕ್ಸ್‌700, 1 ಇಂಚಿನ ಸೆನ್ಸರ್, ಮಂದ ಬೆಳಕಿಗೆ ಒಳ್ಳೆಯದು, ಝೂಮ್ 12 ಪಟ್ಟು. ಎಕ್ಸ್‌ಎಲ್‌ಆರ್‌ಗೆ ಅದರಲ್ಲಿ ಬೇರೆ ಅಡಾಪ್ಟರ್ ಬೇಕು. ನಾನಾದರೆ ಎಕ್ಸ್‌ಎ11 ಅನ್ನುತ್ತೇನೆ.

ಯಾವುದಾದರೂ ಆಟೋ ಬಿಡಬೇಡಿ. ಹಿಂದೆ ಕಪ್ಪು ಪರದೆ ಇದ್ದರೆ ಆಟೋ ಎಕ್ಸ್‌ಪೋಶರ್ ಬೆಳಕು ಏರಿಸಿ ವೇಷದ ಮುಖದ ಬಣ್ಣವೆಲ್ಲ ಬಿಳಿ ಹಾಳೆಯಂತೆ ಆಗುತ್ತದೆ. ಮುಖಕ್ಕೆ ಎಕ್ಸ್‌ಪೋಶರ್ ಹೊಂದಿಸಿ ಲಾಕ್ ಮಾಡಿ, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಿಕೆ) ಕೂಡ. ಶಟರ್ 1/50 ಸೆಕೆಂಡ್. ನಮ್ಮ ಕರೆಂಟು 50 ಹರ್ಟ್ಸ್, ನಿಮ್ಮ ಮಿಣಮಿಣ ಬಂದದ್ದು ಅದಕ್ಕೆ ಹೊಂದದ ಶಟರಿನಿಂದ.

ಮಡಗಾಂವ್‌ನಿಂದ

ಕಾರ್ಡಿನ ಬಗ್ಗೆ ಒಂದು ಮಾತು. 100 ಎಂಬಿಪಿಎಸ್ 4ಕೆ ಅಂದರೆ ಗಂಟೆಗೆ 45 ಜಿಬಿ, 128ರ ಕಾರ್ಡ್ ಮೂರು ಗಂಟೆಗೆ ಸಾಲುವುದಿಲ್ಲ. ಕಾರ್ಡಿನ ವೇಗ ವಿ30 ಸಾಕು, ಅದಕ್ಕಿಂತ ದುಬಾರಿಯದ್ದು ಸುಮ್ನೆ ಖರ್ಚು. ನಕಲಿ ಕಾರ್ಡ್ ಬಂದು ಮೋಸ ಹೋದವನು ನಾನು, ದೇವಸ್ಥಾನದ ಜಾತ್ರೆಯ ಕೊನೆಯ ಅರ್ಧ ಗಂಟೆ ಫೈಲೇ ತೆರೆಯಲಿಲ್ಲ. ತಂದ ದಿನವೇ ಕಾರ್ಡ್ ಪರೀಕ್ಷಿಸುವ ಎಚ್2ಟೆಸ್ಟ್‌ಡಬ್ಲ್ಯು (h2testw) ಸಾಫ್ಟ್‌ವೇರ್ ಓಡಿಸಿ ಪೂರ್ತಿ ತುಂಬಿಸಿ ನೋಡಿ.

ಡೊಂಬಿವಲಿ_ರಂಗಸ್ಥಳ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೀಡಿಯಾಇನ್ಫೊದಲ್ಲಿ ವೇರಿಯಬಲ್ ಅಂತಲೇ ಇತ್ತು. ಹ್ಯಾಂಡ್‌ಬ್ರೇಕ್ ಆದ ಮೇಲೆ ಒಂದು ಗಂಟೆಗೆ ಎರಡೇ ಫ್ರೇಮ್ ವ್ಯತ್ಯಾಸ, ಅರ್ಥದ ಜಾಗದಲ್ಲಿ ಸರಿಸಿದೆ. ಎಂಟಿಎಸ್ ಸೇರಿಸಿದ ಮೇಲೆ ಹೋಗಿದ್ದ ಅಕ್ಷರವೂ ಬಂತು. ಮಿಣಮಿಣ ಮಾತ್ರ ಪೂರ್ತಿ ಹೋಗಿಲ್ಲ, ಅಂಥ ಕಡೆ ಹ್ಯಾಂಡಿಕ್ಯಾಮಿನ ಶಾಟ್ ಹಾಕುತ್ತಿದ್ದೇನೆ. ನಿನ್ನೆ ಭಾಗವತರ ಮನೆಗೆ ಲ್ಯಾಪ್‌ಟಾಪ್ ಒಯ್ದು ಇಪ್ಪತ್ತು ನಿಮಿಷ ತೋರಿಸಿದೆ, ಅವರು ಚಿತ್ರ ನೋಡಲೇ ಇಲ್ಲ, ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ಎಕ್ಸ್‌ಎ11 ಮುಂದಿನ ಆಟಕ್ಕೆ ಬಾಡಿಗೆಗೆ ತಂದು ನೋಡುತ್ತೇವೆ. ಮುಂಬೈಯ ಬೋರಾ ಬಜಾರ್ ಕಡೆ ಸೆಕೆಂಡ್ ಹ್ಯಾಂಡ್ ನೋಡಲು ಶನಿವಾರ ಹೋಗುತ್ತೇನೆ, ಗೊತ್ತಿದ್ದವರು ಯಾರಾದರೂ ಜೊತೆಗೆ ಬರುತ್ತೀರಾ?