ಅಪ್‌ಡೇಟ್: ‘ಪಿಮ್’ ಅಂದರೆ ಅರವೋ, ಬೆಲೆಯೋ?

ಮೊದಲು ಕೇಳಿದ್ದು ಇಷ್ಟೇ. 1 ಸಮುವೇಲ 13:21ರಲ್ಲಿ ‘ಪಿಮ್’ ಎಂಬ ಹೀಬ್ರೂ ಪದ ಬರುತ್ತದೆ. ಹೀಬ್ರೂ ಬೈಬಲ್‌ನಲ್ಲಿ ಇದೊಂದೇ ಕಡೆ. 1611ರ ಕಿಂಗ್ ಜೇಮ್ಸ್ ಅನುವಾದದಲ್ಲಿ ಅದು ಕಮ್ಮಾರರ ಅರ. ಹೊಸ ಅನುವಾದಗಳಲ್ಲಿ ಬೆಲೆ. ಯಾವುದು ಸರಿ ಅಂತ ಕೇಳಿದ್ದೆ.

ಬೆಲೆ ಅಂದವರೇ ಸರಿ. ಉತ್ತರ ಸಿಕ್ಕಿದ್ದು ನಿಘಂಟಿನಲ್ಲಲ್ಲ, ಮಣ್ಣಿನಲ್ಲಿ! 20ನೇ ಶತಮಾನದಲ್ಲಿ ಪ್ರಾಚೀನ ಯೆಹೂದ ಪ್ರದೇಶದಲ್ಲಿ ಪುಟ್ಟ ತೂಕದ ಕಲ್ಲುಗಳು ಸಿಕ್ಕವು. ತಳ ಚಪ್ಪಟೆ, ಮೇಲ್ಭಾಗ ಗುಂಡಗೆ. ತಲೆಯ ಮೇಲೆ ಕೊರೆದಿದ್ದದ್ದು ಮೂರೇ ಅಕ್ಷರ: ಪೆ, ಯೋದ್, ಮೇಮ್. ಅಂದರೆ ಪಿಮ್. ತೂಗಿದರೆ ಒಂದೊಂದೂ ಸುಮಾರು 7.8 ಗ್ರಾಂ, ಶೆಕೆಲ್ ಎಂಬ ಆಗಿನ ತೂಕದ ಮೂರರಲ್ಲಿ ಎರಡು ಪಾಲು. ಆಗ ನಾಣ್ಯ ಇರಲಿಲ್ಲ, ಬೆಳ್ಳಿ ತೂಗಿ ಕೊಡುತ್ತಿದ್ದರು.

ಈಗ ಆ ಭಾಗ ಓದಿದರೆ ಎಲ್ಲ ಕೂಡಿಬರುತ್ತದೆ. ಇಸ್ರಾಯೇಲ್ಯರು ಕತ್ತಿ, ಈಟಿ ಮಾಡಿಕೊಳ್ಳಬಾರದು ಅಂತ ಫಿಲಿಷ್ಟಿಯರು ಅಲ್ಲಿ ಕಮ್ಮಾರರೇ ಇಲ್ಲದಂತೆ ನೋಡಿಕೊಂಡಿದ್ದರು. ನೇಗಿಲ ಗುಳ, ಕೊಡಲಿ ಹರಿತ ಮಾಡಿಸೋಕೂ ವೈರಿಗಳ ಹತ್ತಿರವೇ ಹೋಗಬೇಕು. ಗುಳಕ್ಕೆ ಒಂದು ಪಿಮ್ ಕೂಲಿ. ಸುಮ್ನೆ ಹರಿತ ಮಾಡೋಕೆ ಅಷ್ಟು ಬೆಳ್ಳಿ ಜಾಸ್ತಿನೇ ಅಲ್ವಾ?

ಹಳೆಯ ಅನುವಾದಕರನ್ನು ದೂರುವಂತಿಲ್ಲ. ಸುತ್ತ ಬರೀ ಉಪಕರಣಗಳ ಹೆಸರೇ ಇದ್ದರೆ ಯಾರಾದರೂ ಅರ ಅಂತಲೇ ಊಹಿಸುತ್ತಾರೆ. ಇನ್ನೊಂದು ಮಾತು: ಸಿಕ್ಕ ಕಲ್ಲುಗಳು ಹೆಚ್ಚಾಗಿ ಕ್ರಿ.ಪೂ. 8–7ನೇ ಶತಮಾನದವು, ಈ ಕಥೆ ನಡೆಯುವ, ಇಸ್ರಾಯೇಲ್ಯರ ಮೊದಲ ರಾಜ ಸೌಲನ ಕಾಲಕ್ಕಿಂತ ಎಷ್ಟೋ ಈಚಿನವು. ಹಾಗಾಗಿ ಆ 7.8 ಗ್ರಾಂ ಲೆಕ್ಕವನ್ನು ಅವನ ಕಾಲಕ್ಕೆ ಚಾಚೂ ತಪ್ಪದೆ ಅನ್ವಯಿಸಬೇಡಿ.