ಪದಚರ್ಚೆ: ‘ರೋಬೋಟ್‌ನಿಂದ ಶಸ್ತ್ರಚಿಕಿತ್ಸೆ’ – ಈ ‘ಇಂದ’ ಏನು ಹೇಳುತ್ತದೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ರೋಗಿಗಳು ಸಹಿ ಹಾಕುವ ಒಪ್ಪಿಗೆ ಪತ್ರವೊಂದು ಕನ್ನಡಕ್ಕೆ ಬರಬೇಕಿದೆ. ರೋಬೋಟಿಕ್ ಸರ್ಜರಿಗೆ ‘ಯಂತ್ರಮಾನವ ಶಸ್ತ್ರಚಿಕಿತ್ಸೆ’, ‘ರೋಬೋಟ್‌ನಿಂದ ಶಸ್ತ್ರಚಿಕಿತ್ಸೆ’, ‘ರೋಬೋಟ್ ನೆರವಿನ ಶಸ್ತ್ರಚಿಕಿತ್ಸೆ’ – ಇವುಗಳಲ್ಲಿ ಯಾವುದು ಸರಿ? ಡಾಕಿಂಗ್‌ಗೆ ‘ಜೋಡಣೆ’ ಸಾಕೇ? ಅನುಕೂಲಗಳನ್ನು ಹೇಳುವಲ್ಲಿ ‘ಗಾಯವಿಲ್ಲದ ಚಿಕಿತ್ಸೆ’ ಎನ್ನಬಹುದೇ?

ಉತ್ತರ 1:
ನಮಸ್ಕಾರ. ‘ಇಂದ’ ಪ್ರತ್ಯಯ ಕನ್ನಡದಲ್ಲಿ ಹಲವು ಕೆಲಸ ಮಾಡುತ್ತದೆ, ಇಲ್ಲಿ ಮುಖ್ಯವಾದವು ಎರಡು. ‘ಕೊಡಲಿಯಿಂದ ಕಡಿದ’ ಎಂದಾಗ ಅದು ಸಾಧನ. ‘ಸಚಿವರಿಂದ ಉದ್ಘಾಟನೆ’ ಎಂದಾಗ ಕರ್ತೃ. ಕ್ರಿಯಾಪದವಿಲ್ಲದ ತಲೆಬರಹದಲ್ಲಿ ಓದುಗರ ಮನಸ್ಸು ಕರ್ತೃವಿನ ಕಡೆಗೇ ವಾಲುತ್ತದೆ. ಹಾಗಾಗಿ ‘ರೋಬೋಟ್‌ನಿಂದ ಶಸ್ತ್ರಚಿಕಿತ್ಸೆ’ ಓದಿದ ರೋಗಿ, ಯಂತ್ರವೇ ತೀರ್ಮಾನಿಸಿ ಕುಯ್ಯುತ್ತದೆ ಎಂದುಕೊಂಡರೆ ತಪ್ಪು ಅವರದಲ್ಲ.

2000ದಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಅನುಮತಿ ಪಡೆದ ಡಾ ವಿಂಚಿಯಂಥ ಯಂತ್ರದಲ್ಲಿ ಶಸ್ತ್ರವೈದ್ಯರು ಕನ್ಸೋಲ್ (ಯಂತ್ರವನ್ನು ನಡೆಸುವ ಮೇಜು) ಮುಂದೆ ಕೂತು ಬೆರಳಾಡಿಸಿದರೆ ಮಾತ್ರ ಒಳಗಿನ ಉಪಕರಣ ಅಲುಗುತ್ತದೆ. ತಲೆಯನ್ನು ಕನ್ಸೋಲ್‌ನಿಂದ ಹೊರಗೆ ತೆಗೆದರೆ ತೋಳುಗಳು ಇದ್ದಲ್ಲೇ ನಿಲ್ಲುತ್ತವೆ. ಆದ್ದರಿಂದ ಹೆಸರಿಗೆ ‘ರೋಬೋಟ್ ನೆರವಿನ’ ಸರಿ. ವಾಕ್ಯದೊಳಗೆ ‘ವೈದ್ಯರು ರೋಬೋಟ್ ಬಳಸಿ ಮಾಡುವ ಶಸ್ತ್ರಚಿಕಿತ್ಸೆ’ ಇನ್ನೂ ಸ್ಪಷ್ಟ: ‘ಬಳಸಿ’, ‘ಮಾಡುವ’ ಎರಡಕ್ಕೂ ಕರ್ತೃ ಒಬ್ಬರೇ, ಅವರು ವೈದ್ಯರು.

‘ಯಂತ್ರಮಾನವ’ ಬೇಡವೇ ಬೇಡ. ಅಲ್ಲಿರುವುದು ಗಾಡಿಯೊಂದಕ್ಕೆ ಕೂರಿಸಿದ ನಾಲ್ಕು ತೋಳು, ಮನುಷ್ಯಾಕಾರವೇನಿಲ್ಲ. ರೋಬೋಟ್ ಪದದ ಮೂಲವಾದ ಚೆಕ್ ಭಾಷೆಯ ‘ರೊಬೊಟ’ಕ್ಕೂ ಬಿಟ್ಟಿ ಚಾಕರಿ ಎಂದೇ ಅರ್ಥ, ಮಾನವನ ಸುಳಿವಿಲ್ಲ.

ಡಾಕಿಂಗ್‌ಗೆ ‘ಜೋಡಣೆ’ ಎಂದರೆ ಅಪಾಯವಿದೆ. ಯಂತ್ರದ ಭಾಗಗಳನ್ನು ಕೂಡಿಸುವುದೂ ಜೋಡಣೆಯೇ. ಡಾಕಿಂಗ್ ಎಂದರೆ ಹೊಟ್ಟೆಯೊಳಗೆ ಆಗಲೇ ತೂರಿಸಿರುವ ಕೊಳವೆಗಳಿಗೆ ರೋಬೋಟಿನ ತೋಳುಗಳನ್ನು ಸಿಕ್ಕಿಸುವುದು. ಹಾಗೆ ಸಿಕ್ಕಿಸಿದ ಮೇಲೆ, ಮೇಜೂ ತೋಳುಗಳೂ ಒಟ್ಟಿಗೆ ಚಲಿಸುವ ಏರ್ಪಾಡಿಲ್ಲದಿದ್ದರೆ, ಮೇಜನ್ನು ಏರಿಳಿಸಬಾರದು. ದೇಹ ಸರಿದು ಕೊಳವೆ ನಿಂತಲ್ಲೇ ನಿಂತರೆ ಹೊಟ್ಟೆಯ ಗೋಡೆ ಹರಿಯಬಹುದು. ‘ತೋಳು ಸಿಕ್ಕಿಸಿದ ಮೇಲೆ ಮೇಜು ಅಲುಗಿಸಬೇಡಿ’ ಎಂದು ಬರೆದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ಆಪರೇಷನ್ ಥಿಯೇಟರಿನ ಸಿಬ್ಬಂದಿಗಾದರೆ ‘ಡಾಕ್ ಮಾಡಿದ ಮೇಲೆ’ ಎಂದರೂ ಸಾಕು.

ಉತ್ತರ 2:
ಮೇಲಿನದಕ್ಕೆ ನನ್ನ ಒಪ್ಪಿಗೆಯಿದೆ. ಅನುಕೂಲಗಳ ಮಾತಷ್ಟೇ ಸೇರಿಸುತ್ತೇನೆ. ‘ಗಾಯವಿಲ್ಲದ’ ಎಂಬುದು ಸುಳ್ಳು. ಸುಮಾರು 8 ಮಿಲಿಮೀಟರ್ ಅಗಲದ ಹಲವು ಕಿಂಡಿಗಳಿರುತ್ತವೆ, ಅಂಗವೊಂದನ್ನು ಹೊರತೆಗೆಯಬೇಕಾದರೆ ಸಾಮಾನ್ಯವಾಗಿ ಒಂದು ಕಿಂಡಿಯನ್ನು ಹಿಗ್ಗಿಸಬೇಕಾಗುತ್ತದೆ. ‘ಸಣ್ಣ ಗಾಯದ’ ಎನ್ನಿ. ಕಡಿಮೆ ನೋವು, ಕಡಿಮೆ ರಕ್ತಸ್ರಾವ, ಬೇಗ ಮನೆಗೆ ಹೋಗುವುದು – ಇವು ಬಹುಮಟ್ಟಿಗೆ ಕಿಂಡಿಯ ಲಾಭಗಳು, ರೋಬೋಟ್ ಇಲ್ಲದೆ ಕಿಂಡಿಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿಯಲ್ಲೂ ಸಿಗುತ್ತವೆ. ಯಾವುದಕ್ಕೆ ಹೋಲಿಸಿ ‘ಕಡಿಮೆ’ ಎಂದು ಪತ್ರದಲ್ಲಿ ಬರೆಯದಿದ್ದರೆ ರೋಗಿಗೆ ಅನ್ಯಾಯ.

ರೋಬೋಟಿನದೇ ಲಾಭ ಬೇರೆ: ಆಳ ತೋರುವ ಹಿಗ್ಗಿಸಿದ ಚಿತ್ರ, ಕೈನಡುಕ ಸೋಸುವುದು, ಉಪಕರಣದ ತುದಿಯಲ್ಲಿ ಮಣಿಕಟ್ಟಿನಂತೆ ತಿರುಗುವ ಕೀಲು. ಕೈ ಮೂರು ಸೆಂಟಿಮೀಟರ್ ಸರಿದರೆ ತುದಿ ಒಂದೇ ಸೆಂಟಿಮೀಟರ್ ಸರಿಯುವಂತೆಯೂ ಹೊಂದಿಸಬಹುದು. ಪ್ರಾಸ್ಟೇಟ್ ತೆಗೆದ ಮೇಲೆ ಮೂತ್ರಕೋಶದ ಕತ್ತನ್ನು ಮೂತ್ರ ಹೊರಹೋಗುವ ನಾಳಕ್ಕೆ ಹೊಲಿಯುವಾಗ, ಇಕ್ಕಟ್ಟಾದ ಕಟಿಕುಹರದ (ಸೊಂಟದ ಮೂಳೆಗಳ ನಡುವಿನ ಪೊಳ್ಳಿನ) ತಳದಲ್ಲಿ ಈ ಕೀಲಿನ ಬೆಲೆ ತಿಳಿಯುತ್ತದೆ. ಅಲ್ಲೇ ಕೊರತೆಯೂ ಇದೆ: ಈಚಿನ ಕೆಲವು ಮಾದರಿ ಬಿಟ್ಟರೆ ದಾರದ ಬಿಗಿ ಕೈಗೆ ತಿಳಿಯುವುದಿಲ್ಲ, ಗಂಟು ಎಳೆಯುವಾಗ ದಾರ ತುಂಡಾಗಬಹುದು, ಇಲ್ಲವೇ ಮಾಂಸ ಸೀಳಬಹುದು. ಇದನ್ನು ‘ಸ್ಪರ್ಶಜ್ಞಾನದ ಅಭಾವ’ ಎನ್ನುವುದಕ್ಕಿಂತ ‘ಎಳೆತದ ಬಿಗಿ ಕೈಗೆ ತಿಳಿಯದು’ ಎನ್ನುವುದೇ ಮೇಲು. ಸ್ಪರ್ಶಜ್ಞಾನ ಎಂದರೆ ರೋಗಿಯ ಚರ್ಮ ಜೋಮು ಹಿಡಿಯುತ್ತದೆಂದು ಓದಿಕೊಳ್ಳುವವರಿದ್ದಾರೆ.

ಇನ್ನೊಂದು: ಸೈಬರ್‌ನೈಫ್ ಕೂಡ ಇದೇ ಪತ್ರದಲ್ಲಿ ಬಂದರೆ ‘ಶಸ್ತ್ರ’ ಕೈಬಿಡಿ. ರೋಬೋಟ್ ತೋಳು ಅಲ್ಲಿ ಹೊತ್ತಿರುವುದು ವಿಕಿರಣ ಹೊಮ್ಮಿಸುವ ಯಂತ್ರವನ್ನು. ‘ರೋಬೋಟ್ ನೆರವಿನ ವಿಕಿರಣ ಚಿಕಿತ್ಸೆ’ ಎಂದಾಗಬೇಕು.