16 ವರ್ಷದ ಫ್ರಿಜ್, ಇನ್ನೂ ಓಡುತ್ತಿದೆ. ಮಳೆಗಾಲಕ್ಕೆ ಮೊದಲೇ ಬದಲಿಸಬೇಕಾ?

ಕೊಟ್ಟಿಗೆಹಾರದ ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ತಾಲ್ಲೂಕು, ಕೊಟ್ಟಿಗೆಹಾರದಿಂದ ಸ್ವಲ್ಪ ಒಳಗೆ ಸಣ್ಣ ಕಾಫಿ ತೋಟದ ಮನೆ. ಅಪ್ಪ, ಅಮ್ಮ ಇಬ್ಬರೇ ಇರುವುದು. ನನಗೆ ಚಿಕ್ಕಮಗಳೂರಲ್ಲಿ ಕೆಲಸ, ಭಾನುವಾರ ಹೋಗಿ ಬರುತ್ತೇನೆ. ಮನೆಯ ಸಿಂಗಲ್ ಡೋರ್ ಫ್ರಿಜ್‌ಗೆ 16 ವರ್ಷ ಆಯಿತು. ಈಚೆಗೆ ಅದರ ಸದ್ದು ನಿಲ್ಲುವುದೇ ಇಲ್ಲ. ಮೇಲೆ ಐಸ್ ಗಡ್ಡೆ ಕಟ್ಟುತ್ತದೆ, ಕೆಳಗೆ ಇಟ್ಟ ಹಾಲು ಮಾತ್ರ ಎರಡನೇ ದಿನಕ್ಕೇ ಒಡೆಯುತ್ತದೆ.

ಅಮ್ಮ ಹೇಳುವುದು ಒಂದೇ: ಓಡುತ್ತಿರುವ ಸಾಮಾನನ್ನು ಯಾಕೆ ಬಿಸಾಕಬೇಕು, ಕೆಟ್ಟ ಮೇಲೆ ನೋಡೋಣ. ಅದೂ ಸರಿಯೇ ಅನ್ನಿಸುತ್ತದೆ. ಆದರೆ ನನ್ನ ಭಯ ಬೇರೆ. ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮ ಕಡೆ ಮರ ಬಿದ್ದು ಲೈನ್ ಹರಿದರೆ ಎರಡು ದಿನ ಕರೆಂಟ್ ಇರುವುದಿಲ್ಲ, ಹೋದ ವರ್ಷ ಪುನರ್ವಸು ಮಳೆಯಲ್ಲಿ ಪಂಪ್‌ಸೆಟ್ ನೋಡಲು ಮೆಕ್ಯಾನಿಕ್ ಬರುವಷ್ಟರಲ್ಲಿ 9 ದಿನ ಆಗಿತ್ತು. ಅಪ್ಪನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಇಡುವುದು ಇದೇ ಫ್ರಿಜ್‌ನಲ್ಲಿ. ರಿಪೇರಿ ಮಾಡಿಸಿದರೆ ಸಾಕಾ, ಹೊಸದೇ ತರಬೇಕಾ?

ಕೂಲಿಂಗ್ ಕೆಲಸ, ಚಿಕ್ಕಮಗಳೂರು:

ಸರ್, ವರ್ಷ ಎಷ್ಟಾಯಿತು ಎಂದಷ್ಟೇ ನೋಡಿ ತೀರ್ಮಾನ ಮಾಡಬೇಡಿ. ಇಪ್ಪತ್ತು ವರ್ಷ ಚೆನ್ನಾಗಿ ಓಡಿದ ಫ್ರಿಜ್‌ಗಳನ್ನು ನಾನೇ ನೋಡಿದ್ದೇನೆ. ಈ ಭಾನುವಾರ ಹೋದಾಗ ಮೂರು ಕೆಲಸ ಮಾಡಿ.

ಮೊದಲು ಬಾಗಿಲ ರಬ್ಬರ್. ಒಂದು ಹತ್ತು ರೂಪಾಯಿ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಆಮೇಲೆ ಎಳೆಯಿರಿ. ಬಿಗಿಯಾಗಿ ಹಿಡಿದಿರಬೇಕು. ಸುಮ್ನೆ ಜಾರಿ ಬಂದರೆ ಅಲ್ಲಿಂದ ಗಾಳಿ ಒಳಗೆ ಹೋಗುತ್ತಿದೆ ಎಂದರ್ಥ, ಮಲೆನಾಡಿನ ತೇವದ ಗಾಳಿ ಒಳಗೆ ಹೋದರೆ ಐಸ್ ಕಟ್ಟದೆ ಇನ್ನೇನಾಗುತ್ತದೆ. ರಬ್ಬರ್‌ನ ಸಂದಿಯಲ್ಲಿ ಕಪ್ಪು ಬೂಸ್ಟು ಕೂತಿರುತ್ತದೆ, ಸೋಪಿನ ಬಿಸಿನೀರಲ್ಲಿ ಒರೆಸಿ ಮತ್ತೆ ನೋಡಿ. ಎರಡನೆಯದು, ಐಸ್ ಪೂರ್ತಿ ಕರಗಿಸಿ. ಚಾಕು ಹಾಕಿ ಕೆರೆಯಬೇಡಿ, ಪೈಪ್ ತೂತಾದರೆ ಗ್ಯಾಸ್ ಹೋಯಿತು.

ಮೂರನೆಯದೇ ಮುಖ್ಯ. ರಾತ್ರಿ 10ಕ್ಕೆ ಫ್ರಿಜ್ ಒಂದನ್ನು ಬಿಟ್ಟು ಎಲ್ಲ ಆಫ್ ಮಾಡಿ ಮೀಟರ್ ರೀಡಿಂಗ್ ಬರೆದುಕೊಳ್ಳಿ, ಬೆಳಿಗ್ಗೆ 6ಕ್ಕೆ ಮತ್ತೆ ಬರೆಯಿರಿ. ಅದು ಎಷ್ಟು ಕರೆಂಟ್ ತಿನ್ನುತ್ತಿದೆ ಎಂದು ಗೊತ್ತಾಗುತ್ತದೆ. ಥರ್ಮೋಸ್ಟಾಟ್, ರಿಲೇ, ರಬ್ಬರ್ ಹೋಗಿದ್ದರೆ ಧೈರ್ಯವಾಗಿ ರಿಪೇರಿ ಮಾಡಿಸಿ, ಕಡಿಮೆ ದುಡ್ಡಲ್ಲಿ ಆಗುತ್ತದೆ. ಕಂಪ್ರೆಸರ್ ಸೋತಿದ್ದರೆ ಇಷ್ಟು ಹಳೆಯದಕ್ಕೆ ಬೇಡ. ಲೀಕ್ ಎಲ್ಲಿದೆ ಎಂದು ಹುಡುಕದೆ ಬರೀ ಗ್ಯಾಸ್ ತುಂಬಿಕೊಡುತ್ತೇನೆ ಅನ್ನುವವರಿಗೆ ದುಡ್ಡು ಕೊಡಬೇಡಿ, ಅದು ಮತ್ತೆ ಖಾಲಿ ಆಗಿಯೇ ಆಗುತ್ತದೆ.

ನಿವೃತ್ತ ನರ್ಸ್, ಹಾಸನ:

ತಮ್ಮಾ, ಫ್ರಿಜ್ ವಿಷಯ ಅವರು ಹೇಳಿದರು, ನಾನು ಇನ್ಸುಲಿನ್ ವಿಷಯ ಹೇಳುತ್ತೇನೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಜನ ಬಿಸಿಗೆ ಮಾತ್ರ ಹೆದರುತ್ತಾರೆ, ಆದರೆ ಹೆಪ್ಪುಗಟ್ಟಿದರೂ ಅದು ಕೆಟ್ಟಂತೆಯೇ, ಕರಗಿದ ಮೇಲೆ ನೋಡಲು ಸರಿ ಇದ್ದರೂ ಬಳಸಬಾರದು. ಸಿಂಗಲ್ ಡೋರ್‌ನಲ್ಲಿ ಫ್ರೀಜರ್ ಕೆಳಗಿನ ಟ್ರೇ ತುಂಬಾ ತಣ್ಣಗಿರುತ್ತದೆ, ಅಲ್ಲಿ ಇಡಲೇಬೇಡಿ. ನಡುವಿನ ತಟ್ಟೆಯಲ್ಲಿ, ಹಿಂದಿನ ಗೋಡೆಗೆ ತಾಗದಂತೆ ಡಬ್ಬಿಯಲ್ಲಿ ಇಡಿ. ಒಂದು ಸಣ್ಣ ಫ್ರಿಜ್ ಥರ್ಮಾಮೀಟರ್ ತಂದು ಅದೇ ಜಾಗದಲ್ಲಿ ಒಂದು ರಾತ್ರಿ ಇಟ್ಟು ನೋಡಿ.

ಈಗ ಬಳಸುತ್ತಿರುವ ಪೆನ್ ಅಥವಾ ಬಾಟಲಿ ಸಾಮಾನ್ಯವಾಗಿ ನಾಲ್ಕು ವಾರ ಹೊರಗೇ ಇರಬಹುದು, 30 ಡಿಗ್ರಿ ದಾಟಬಾರದು ಅಷ್ಟೇ. ನಿಮ್ಮ ಇನ್ಸುಲಿನ್‌ಗೆ ಎಷ್ಟು ದಿನ ಎಂದು ಅದರ ಚೀಟಿಯಲ್ಲಿ ಇರುತ್ತದೆ, ಓದಿ. ನಿಮ್ಮ ಊರಿನ ಮಳೆಗಾಲದಲ್ಲಿ ಅದಕ್ಕೆ ತೊಂದರೆ ಇಲ್ಲ. ತೊಂದರೆ ಇರುವುದು ತಿಂಗಳುಗಟ್ಟಲೆಗೆ ತಂದಿಟ್ಟ ಸ್ಟಾಕ್‌ಗೆ. ನನ್ನ ಅತ್ತೆಗೆ ಹೀಗೇ ಆಗಿತ್ತು. ಹಳೇ ಫ್ರಿಜ್ ಒಳಗೊಳಗೇ ಸೋಲುತ್ತಿದ್ದುದು ಯಾರಿಗೂ ಗೊತ್ತಾಗಲಿಲ್ಲ, ಸಕ್ಕರೆ ಏರುತ್ತಲೇ ಇತ್ತು, ಅನ್ನ ಜಾಸ್ತಿ ತಿಂದಿರಿ ಎಂದು ಅವರನ್ನೇ ಬೈಯುತ್ತಿದ್ದೆವು. ಈಗಲೂ ನೆನೆಸಿಕೊಂಡರೆ ಸಂಕಟ ಆಗುತ್ತದೆ.

ಕೊಟ್ಟಿಗೆಹಾರದ ಹುಡುಗ:

ಅಕ್ಕ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹೇಳಿದ ಹಾಗೇ ಮಾಡಿದೆ. ನೋಟು ಮೇಲ್ಗಡೆ ಒಂದು ಮೂಲೆಯಲ್ಲಿ ಜಾರಿತು. ತೊಳೆದ ಮೇಲೆ ಹಿಡಿಯಿತು. ಐಸ್ ಕರಗಿಸಿ, ಒರೆಸಿ, ಮತ್ತೆ ಆನ್ ಮಾಡಿ, ಒಂದು ದಿನ ಬಿಟ್ಟು ಮೀಟರ್ ನೋಡಿದೆ: ರಾತ್ರಿ 10ರಿಂದ ಬೆಳಿಗ್ಗೆ 6ಕ್ಕೆ 1.1 ಯೂನಿಟ್. ನಡು ತಟ್ಟೆಯಲ್ಲಿ ಥರ್ಮಾಮೀಟರ್ 13 ಡಿಗ್ರಿ ತೋರಿಸಿತು, ನಾಬ್ ಪೂರ್ತಿ ತಿರುಗಿಸಿದರೂ ಅಷ್ಟೇ. ಉಳಿದ ಇನ್ಸುಲಿನ್ ಅನ್ನು ಸದ್ಯಕ್ಕೆ ಚಿಕ್ಕಪ್ಪನ ಮನೆ ಫ್ರಿಜ್‌ಗೆ ಸಾಗಿಸಿದ್ದೇನೆ.

ಕೂಲಿಂಗ್ ಕೆಲಸ, ಚಿಕ್ಕಮಗಳೂರು:

ಹಾಗಾದರೆ ಮುಗಿಯಿತು ಸರ್, ಕಂಪ್ರೆಸರ್ ನಿಲ್ಲದೆ ಓಡುತ್ತಿದೆ, ಆದರೂ ತಣ್ಣಗಾಗುತ್ತಿಲ್ಲ. ಲೆಕ್ಕ ಹಾಕಿ, ದಿನಕ್ಕೆ 3.3 ಯೂನಿಟ್, ತಿಂಗಳಿಗೆ ಸುಮಾರು 100. ಈಗಿನ 190 ಲೀಟರ್ ಸಿಂಗಲ್ ಡೋರ್‌ಗಳ ಸ್ಟಾರ್ ಚೀಟಿಯಲ್ಲಿ ಸಾಮಾನ್ಯವಾಗಿ ಇಡೀ ವರ್ಷಕ್ಕೇ 200 ಯೂನಿಟ್‌ಗಿಂತ ಕಡಿಮೆ ಬರೆದಿರುತ್ತದೆ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ, ಅದನ್ನೂ ಅಮ್ಮನಿಗೆ ಹೇಳಿ. ಸ್ಟಾರ್ ಎಷ್ಟು ಎನ್ನುವುದಕ್ಕಿಂತ ಆ ಯೂನಿಟ್ ಸಂಖ್ಯೆ ನೋಡಿ ತನ್ನಿ. ನಿಮ್ಮ ಕಡೆ ವೋಲ್ಟೇಜ್ ಏರಿಳಿತ ಜಾಸ್ತಿ ಅಲ್ವಾ, ಫ್ರಿಜ್ ಎಷ್ಟು ವೋಲ್ಟ್‌ನಿಂದ ಎಷ್ಟರವರೆಗೆ ತಡೆಯುತ್ತದೆ ಎಂದು ಕೇಳಿ, ಅನುಮಾನ ಇದ್ದರೆ ಸ್ಟೆಬಿಲೈಜರ್ ಹಾಕಿ. ಗುಡುಗು ಬಂದಾಗ ಪ್ಲಗ್ ತೆಗೆಯಲು ಹೇಳಿ. ಜೀಪಿನಲ್ಲಿ ಮಲಗಿಸಿ ತರಬೇಡಿ, ನಿಲ್ಲಿಸಿಯೇ ತನ್ನಿ. ಹಳೆಯದನ್ನು ಪೈಪ್ ಕತ್ತರಿಸುವ ಗುಜರಿಯವರಿಗೆ ಹಾಕಬೇಡಿ, ಎಕ್ಸ್‌ಚೇಂಜ್‌ಗೆ ಕೊಡಿ.

ಕೊಟ್ಟಿಗೆಹಾರದ ಹುಡುಗ:

ಆಷಾಢದಲ್ಲಿ ಹೊಸ ಸಾಮಾನು ಬೇಡ ಎಂದು ಅಮ್ಮ ಹಟ ಹಿಡಿಯುತ್ತಾರೆ ಅಂದುಕೊಂಡಿದ್ದೆ. 13 ಡಿಗ್ರಿ ಎಂದು ಥರ್ಮಾಮೀಟರನ್ನೇ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಆಷಾಢಕ್ಕೆ ಮೊದಲೇ ತಂದುಬಿಡು ಅಂದರು. ಶನಿವಾರ ಮೂಡಿಗೆರೆಯಿಂದ ಜೀಪಿನಲ್ಲಿ ತರುತ್ತಿದ್ದೇನೆ, ನಿಲ್ಲಿಸಿಯೇ. ಇನ್ಸುಲಿನ್ ಮಾತ್ರ ಥರ್ಮಾಮೀಟರ್ ಎರಡು ದಿನ ಸರಿ ತೋರಿಸಿದ ಮೇಲೆಯೇ ವಾಪಸ್ ತರುತ್ತೇನೆ.